ಕ್ಲಬ್‌ಹೌಸಿನ ಚಪ್ಪಾಳೆ

ಹೋದ ವಾರ ಮಗಳ ಚಿತ್ರಕಲೆ ಸ್ಪರ್ಧೆಗೆಂದು ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೆ ಕಾಲಿಡಬೇಕಾಯಿತು. ಅವಳು ಹೊಟ್ಟೆಯಲ್ಲಿದ್ದ ಮಳೆಗಾಲದ ನಂತರ ನಾನು ಆ ಮೆಟ್ಟಿಲು ಹತ್ತಿರಲಿಲ್ಲ. ಬಾಗಿಲು ತೆರೆದದ್ದೇ ತಡ, ಅದೇ ವಾಸನೆ. ಮಳೆಗೆ ಮುಗ್ಗು ಹಿಡಿದ ಕಾರ್ಪೆಟ್ಟು, ಅದನ್ನು ಮುಚ್ಚಲು ಹೊಡೆದ ಮಲ್ಲಿಗೆ ಸ್ಪ್ರೇ, ಹಿಂದಿನ ಅಡುಗೆ ಕೋಣೆಯಿಂದ ಬರುವ ಮಿರ್ಚಿ ಭಜಿ. ಜನ ಇಂಥ ವಾಸನೆಗೆ ಕಣ್ಣು ಮುಚ್ಚಿ ಮುಗುಳ್ನಗುತ್ತಾರಂತೆ. ನನಗೆ ಮೈ ಉರಿಯಿತು.

ಗೋಡೆಯ ಮೇಲೆ ಸಾಲಾಗಿ ಫೋಟೊ ತೂಗುಹಾಕಿದ್ದರು. ಮೂರನೆಯದರಲ್ಲಿ ನನ್ನ ಅವ್ವ. ವೇದಿಕೆಯ ಮೇಲಿದ್ದಾಳೆ, ಹೆಗಲ ಮೇಲೆ ಶಾಲು. ಕೆಳಗೆ ದಪ್ಪ ಅಕ್ಷರದಲ್ಲಿ 'ಮೌನ ಮುರಿದ ದನಿ' ಎಂದು ಬರೆದಿದೆ. ನಮ್ಮ ಅವ್ವ ಮೌನವಾಗಿದ್ದದ್ದು ಯಾವಾಗ ಎಂದು ನನಗಂತೂ ಗೊತ್ತಿಲ್ಲ.

ಹಿಂದಿನಿಂದ ದೇಸಾಯಿಯವರ ಗಂಟಲು ಕೇಳಿಸಿತು. ಕೇಂದ್ರ ಸರ್ಕಾರದ ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ತೆಲುಗು ನಾಡಿನ ಗಚ್ಚಿಬೌಲಿಯ ಈ ನಮ್ಮ ಕಟ್ಟಡಗಳಲ್ಲಿರುವ ಕನ್ನಡದವರಿಗೆಲ್ಲ ಹಿರಿಯರು, 'ಆಚೆ ದನಿ' ಎಂಬ ವಿಚಾರ ಕೂಟದ ಸ್ಥಾಪಕರು.

"ಏನ್ರೀ ವಿದ್ಯಾ, ಭಾಳ ದಿನಕ್ಕ ಕಂಡ್ರಿ! ನಮ್ಮ ಕೂಟದ ವಾರ್ಷಿಕೋತ್ಸವ ಬಂತು, ಸ್ಮರಣ ಸಂಚಿಕೆ ತರಾಕತ್ತೀವಿ. ನಿಮ್ಮ ತಾಯಿಯವರು ಮಾತಾಡಿದ್ರಲ್ಲ, ಆ ಮಳೆಗಾಲದ ಬಗ್ಗೆ ಒಂದು ಸಿಹಿ ನೆನಪು ಬರದುಕೊಡ್ರಿ."

"ಸಿಹಿನೇ ಇರಬೇಕೇನ್ರೀ?"

"ನೆನಪು ಅಂದ್ಮ್ಯಾಲೆ ಸಿಹಿನೇ ಅಲ್ರೀ!" ಎಂದು ನಕ್ಕರು.

ಬರೆದುಕೊಡುತ್ತಿದ್ದೇನೆ. ಸಿಹಿ ಬೇಕಾದವರು ಮುಂದಿನ ಪುಟಕ್ಕೆ ಹೋಗಬಹುದು, ಅಲ್ಲಿ ಯಾರಾದರೂ ಹೋಳಿಗೆ ಮಾಡುವ ಬಗೆ ಬರೆದಿರುತ್ತಾರೆ.

ಆ ವರ್ಷ ಆಷಾಢದಲ್ಲೇ ಮಳೆ ಜೋರಾಗಿತ್ತು. ಮಾದಾಪುರದ ನನ್ನ ಕಚೇರಿಯಿಂದ ಕ್ಯಾಬಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ಕಾಲು ಬಾತುಕೊಂಡು ಚಪ್ಪಲಿ ಬಿಗಿಯಾಗುತ್ತಿತ್ತು. ಮನೆಯಲ್ಲಿ ಬಾಣಂತನದ ಮುಂಚಿನ ಕಾಳಜಿಗೆಂದು ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ, ಮತ್ತು ನನ್ನ ಗಂಡ ಶ್ರೀಧರ. ಶ್ರೀಧರ ಆಗ ಆಚೆ ದನಿಯ ಕಾರ್ಯದರ್ಶಿ. ತಿಂಗಳಿಗೊಮ್ಮೆ ಭಾನುವಾರ ಸಂಜೆ ಕ್ಲಬ್‌ಹೌಸಿನಲ್ಲಿ ಸಭೆ. ಎಲ್ಲರೂ ನಡೆಯುವ ದಾರಿ ಬಿಟ್ಟು ನಡೆದವರನ್ನು ಹುಡುಕಿ ಕರೆತಂದು ಮಾತಾಡಿಸುವುದು ಆ ಕೂಟದ ಕೆಲಸ.

ಎಂಥೆಂಥವರು ಬಂದರು! ಗಡಿಯಾರವನ್ನೇ ನಂಬದ ಒಬ್ಬರು ಬಂದರು, ಸಭೆ ಮುಗಿಯುವ ಹೊತ್ತಿಗೆ. ಮಕ್ಕಳನ್ನು ಶಾಲೆಗೆ ಕಳಿಸದ ಗಂಡ ಹೆಂಡತಿ ಬಂದರು. ಅವರಿಗೆ ಚಪ್ಪಾಳೆ ತಟ್ಟಿದವರು ಮರುದಿನ ಬೆಳಿಗ್ಗೆ ಕೊಡೆ ಹಿಡಿದು ತಮ್ಮ ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸಿದರು. ನಗರದಲ್ಲಿ ಕಾರು ಇರಲೇಬಾರದು ಎಂದವರ ಭಾಷಣದ ದಿನ ನಮ್ಮ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಹಸಿ ಸೊಪ್ಪು ತಿಂದೇ ಬದುಕುವ ಅತಿಥಿಗೆ ಒಂದು ತಟ್ಟೆ ಸೌತೆಕಾಯಿ ಇಟ್ಟು, ಉಳಿದವರೆಲ್ಲ ಅವರ ಎದುರೇ ಭಜಿ ತಿಂದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಆದರೂ ನನಗೆ ಆಗ ಅಷ್ಟೇನೂ ಸಿಟ್ಟಿರಲಿಲ್ಲ. ದೊಡ್ಡವರ ಆಟ, ಆಡಲಿ ಬಿಡು ಎಂದುಕೊಂಡಿದ್ದೆ.

ನನ್ನ ಅವ್ವ ಇದೇ ಊರಿನ ಮೆಹದಿಪಟ್ಟಣದಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಬ್ಬಳೇ ಇದ್ದಳು, ಈಗಲೂ ಇದ್ದಾಳೆ. ಕಲಬುರಗಿ ಕಡೆಯಿಂದ ಮದುವೆಯಾಗಿ ಬಂದವಳು. ಅಪ್ಪ ರಕ್ಷಣಾ ಇಲಾಖೆಯ ಒಂದು ಘಟಕದಲ್ಲಿದ್ದರು. ನಾನು ಶಾಲೆಯಲ್ಲಿರುವಾಗಲೇ ತೀರಿಕೊಂಡರು. ಅನುಕಂಪದ ಮೇಲೆ ಅವ್ವನಿಗೆ ಅಲ್ಲೇ ಉಗ್ರಾಣದಲ್ಲಿ ಕೆಲಸ ಕೊಟ್ಟರು. ನಿವೃತ್ತಳಾಗುವವರೆಗೂ ದುಡಿದು ನನ್ನನ್ನು ಓದಿಸಿದಳು.

ಆ ಮಳೆಗಾಲದಲ್ಲಿ ಅವ್ವನಿಗೆ ಇದ್ದದ್ದು ಒಂದೇ ಆಸೆ. ಶ್ರಾವಣದಲ್ಲಿ ನನಗೆ ಏಳು ತಿಂಗಳು ತುಂಬುತ್ತಿತ್ತು. ಕುಬಸದ, ಅಂದರೆ ಸೀಮಂತದ, ದಿನ ತವರಿನಿಂದ ಹಸಿರು ಸೀರೆ, ಹಸಿರು ಬಳೆ, ರವಿಕೆಯ ಖಣ ತರಬೇಕು. ಬಸುರಿಯ ಸೆರಗಿನಲ್ಲಿ ಅಕ್ಕಿ, ಉತ್ತತ್ತಿ, ಅರಿಶಿನದ ಬೇರು, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಬೇಕು. ಹೆತ್ತ ತಾಯಿ ಮಾಡುವ ಕೆಲಸ ಅದು. ಆದರೆ ತಾಯಿ ಗಂಡನನ್ನು ಕಳೆದುಕೊಂಡವಳಾಗಿದ್ದರೆ ಅವಳು ಸೀರೆ ತಂದು ಕೊಟ್ಟು ಹಿಂದೆ ಸರಿಯಬೇಕು, ಉಡಿ ತುಂಬಲು ಚಿಕ್ಕಮ್ಮನೋ ಸೋದರತ್ತೆಯೋ ಬರಬೇಕು. ಅವ್ವನಿಗೆ ಹಿಂದೆ ಸರಿಯುವ ಮನಸ್ಸಿರಲಿಲ್ಲ.

"ಒಬ್ಬಾಕೇ ಮಗಳು ನೀ. ಬ್ಯಾರೆದಾಕಿ ಬಂದು ನಿನ್ನ ಉಡಿ ತುಂಬೋದು ನಾ ಮೂಲ್ಯಾಗ ನಿಂತು ನೋಡಂಗಿಲ್ಲ," ಎಂದು ಇಳಕಲ್ ಸೀರೆಯ ಮಡಿಕೆ ಬಿಚ್ಚಿ ನನಗೆ ತೋರಿಸಿದ್ದಳು. ಆ ಸೀರೆಯ ಹಸಿರು ಅಷ್ಟು ಚೆಂದವಿತ್ತು.

ನಾನು ಈ ಮಾತು ಶ್ರೀಧರನಿಗೆ ಹೇಳಿದೆ. ಅವನು ಬೇಡ ಎನ್ನಲಿಲ್ಲ. ಅವನ ಕಣ್ಣು ಮಿಂಚಿತು. "ನಿಮ್ಮ ಅವ್ವಾರು ಫ್ಯಾಕ್ಟರ್ಯಾಗ ವಿಧವೆಯರನ್ನ ಕೂಡಿಸಿ ಏನೋ ಮಾಡ್ತಿದ್ರು ಅಂದಿದ್ಯಲ್ಲ? ಅದನ್ನ ನಮ್ಮ ಕೂಟದಾಗ ಹೇಳಲಿ. ಮಂದಿ ಕೇಳಲಿ. ಆಮ್ಯಾಲೆ ಕುಬಸದ ಮಾತು ತಾನ ಸಲೀಸ ಆಗ್ತೈತಿ."

ಅವ್ವನಿಗೆ ಭಾಷಣದ ಹುಚ್ಚು ಇರಲಿಲ್ಲ. ಆದರೆ ಈ ಲೆಕ್ಕಾಚಾರ ಅವಳಿಗೂ ಹಿಡಿಸಿತು. "ಎದುರು ಕೂತು ಚಪ್ಪಾಳಿ ಹೊಡದವರು ನಾಳೆ ಬ್ಯಾಡ ಅನ್ನಾಕ ಬಾಯಿ ಎಲ್ಲಿರತೈತಿ?" ಎಂದಳು. ಜಗತ್ತು ಕಂಡವಳು, ಆದರೆ ಗಚ್ಚಿಬೌಲಿ ಕಂಡಿರಲಿಲ್ಲ.

ಶ್ರಾವಣದ ಮೊದಲ ಭಾನುವಾರ ಸಭೆ. ಟೋಲಿಚೌಕಿಯಲ್ಲಿ ನೀರು ನಿಂತು ಬಸ್ಸು ಬಹಳ ಹೊತ್ತು ಅಲ್ಲಾಡಲಿಲ್ಲವಂತೆ. ಅವ್ವ ಸೀರೆಯ ಅಂಚು ಒದ್ದೆ ಮಾಡಿಕೊಂಡು ಬಂದಳು. ದೇಸಾಯಿಯವರು ಅವಳ ಮಾತಿಗೆ 'ಅನುಕಂಪದಿಂದ ಆತ್ಮಗೌರವದೆಡೆಗೆ' ಎಂದು ಹೆಸರಿಟ್ಟು ಬ್ಯಾನರ್ ಕಟ್ಟಿಸಿದ್ದರು. ಅವ್ವ ಅದನ್ನು ಓದಿ, "ಅಷ್ಟು ದೊಡ್ಡ ಮಾತು ಯಾಕ್ರೀ, ನಾ ಊಟದ ಕತಿ ಹೇಳಾಕ ಬಂದೀನಿ," ಎಂದೇ ಶುರುಮಾಡಿದಳು.

"ಉಗ್ರಾಣದಾಗ ನಾವು ನಾಕೈದು ಮಂದಿ ಹೆಂಗಸರು ಇದ್ವಿರಿ. ಎಲ್ಲಾರೂ ಗಂಡ ಸತ್ತ ಮ್ಯಾಲೆ ಕೆಲಸಕ್ಕ ಬಂದವರು. ಮಧ್ಯಾಹ್ನ ಒಂದೇ ಟೇಬಲ್ಲಿಗೆ ಡಬ್ಬಿ ಬಿಚ್ಚತಿದ್ವಿ. ಬ್ಯಾರೆ ಹೆಂಗಸರು ಆ ಟೇಬಲ್ಲಿಗೆ ಬರತಿರಲಿಲ್ರಿ. ಒಂದು ಶ್ರಾವಣ ಶುಕ್ರವಾರ ನಮ್ಮ ಯಾದಮ್ಮ ಡಬ್ಬಿ ತಗೀಲಾರದ ಕೂತಿದ್ಳು. ಯಾಕ ಅಂದೆ. ಮಗಳು ತವರಿಗೆ ಬಂದಾಳ, ಒಡಿ ಬಿಯ್ಯಂ ಹಾಕಬೇಕು ಅಂದ್ಳು. ತೆಲುಗರೊಳಗೂ ನಮ್ಮಂಗ ಉಡಿ ತುಂಬತಾರ್ರಿ. ಮನಿಯವರು ನೀ ಒಳಗ ಇರು ಅಂದಾರ. ಹೆತ್ತಾಕಿ ಒಳಗ, ತುಂಬಾಕಿ ಹೊರಗ! ನನಗ ಎಲ್ಲಿ ಸಿಟ್ಟು ಬಂತೋ, ಕ್ಯಾಂಟೀನಿನವನ ಹತ್ರ ಒಂದು ಹಿಡಿ ಅಕ್ಕಿ ಕೇಳಿ ತಂದೆ. ಯಾದಮ್ಮಾ, ಸೆರಗ ಹಿಡಿ ಅಂದೆ. ಆಕಿ ಉಡ್ಯಾಗ ನಾ ಹಾಕಿದೆ, ನನ್ನ ಉಡ್ಯಾಗ ಆಕಿ ಹಾಕಿದ್ಳು. ಕಟ್ಟಡ ಏನೂ ಬೀಳಲಿಲ್ರಿ."

ಸಭೆ ಗೊಳ್ಳೆಂದು ನಕ್ಕಿತು.

"ಮರುವರ್ಷ ಎಲ್ಲಾರೂ ಡಬ್ಬ್ಯಾಗ ಅಕ್ಕಿ ಕಟಗೊಂಡು ಬಂದ್ರು. ಆಮ್ಯಾಲೆ ವರ್ಷಾ ನಡೀತು. ನನಗ ತಿಳದಿದ್ದು ಇಷ್ಟರಿ. ಉಡಿ ತುಂಬಾಕ ಕೈ ಬೇಕು, ಕೈಯಾಗ ಅಕ್ಕಿ ಬೇಕು. ಮೂರನೇದು ಏನೂ ಬೇಕಾಗಂಗಿಲ್ಲ."

ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು. ಮೊದಲ ಸಾಲಿನಲ್ಲಿದ್ದ ನಮ್ಮ ಅತ್ತೆಯೂ ತಟ್ಟಿದರು, ನಾನು ಕಣ್ಣಾರೆ ನೋಡಿದೆ. ದೇಸಾಯಿಯವರು ಮೈಕು ಹಿಡಿದು, ಇಷ್ಟು ದಿನ ನಾವು ಹುಡುಕುತ್ತಿದ್ದ ದನಿ ಇದೇ, ಎಂದರು. ಅವ್ವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಗೆದ್ದೆವು ಎಂದು ಅದರ ಅರ್ಥ.

ಆಮೇಲೆ ತಾಟು ಬಂತು.

ನಮ್ಮ ಕೂಟದಲ್ಲಿ ಒಂದು ಪದ್ಧತಿ ಇತ್ತು. ಅತಿಥಿ ಗಂಡಸಾದರೆ ಶಾಲು ಹೊದಿಸುವುದು, ಹೆಂಗಸಾದರೆ ಕುಂಕುಮ ಹಚ್ಚಿ ಉಡಿ ತುಂಬುವುದು. ಜೊತೆಗೆ, ಶ್ರಾವಣವಾದ್ದರಿಂದ, ಬಂದ ಹೆಂಗಸರಿಗೆಲ್ಲ ಅರಿಶಿನ ಕುಂಕುಮ. ಕಾರ್ಯದರ್ಶಿಯ ಮನೆಯ ಹಿರಿಯ ಮುತ್ತೈದೆಯೆಂದು ಆ ದಿನ ತಾಟು ಹಿಡಿದವರು ನಮ್ಮ ಅತ್ತೆ. ವೇದಿಕೆ ಹತ್ತಿದರು, ದೇಸಾಯಿಯವರ ಹೆಂಡತಿಗೆ ಕುಂಕುಮ ಹಚ್ಚಿದರು. ಪಕ್ಕದ ಕುರ್ಚಿಯಲ್ಲಿ ಅವ್ವ. ಅತ್ತೆ ಅವಳಿಗೆ ಬಗ್ಗಿ ನಮಸ್ಕಾರ ಮಾಡಿದರು, ನಗುಮೊಗದಿಂದ, ತುಂಬು ಗೌರವದಿಂದ. ತಾಟು ಮುಂದಿನ ಕುರ್ಚಿಗೆ ಹೋಯಿತು. ಅಲ್ಲಿಂದ ಕೆಳಗಿಳಿದು ಸಾಲು ಸಾಲಾಗಿ ಎಲ್ಲರ ಹಣೆ ಮುಟ್ಟಿತು. ನನ್ನ ಹಣೆಯನ್ನೂ. ಅತ್ತ ವೇದಿಕೆಯ ಮೇಲೆ ದೇಸಾಯಿಯವರು ಅವ್ವನಿಗೆ ಗಂಡಸರ ಶಾಲು ಹೊದಿಸಿ ಒಂದು ಚಿಪ್ಪು ಬಾಳೆಹಣ್ಣು ಕೈಗಿತ್ತರು.

ಅವ್ವ ತನ್ನ ಸೆರಗಿನ ಚುಂಗನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ಎದ್ದಿದ್ದಳು. ತಾಟು ದಾಟಿದ ಮೇಲೆ ಅದನ್ನು ಮೆಲ್ಲನೆ ಬಿಟ್ಟು, ಮಡಿಲ ಮೇಲೆ ಸರಿಮಾಡಿಕೊಂಡು ಕೂತಳು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಶ್ರೀಧರ ಫೋಟೊ ತೆಗೆಯುತ್ತಿದ್ದ. ಬೇಕೆಂದು ಮಾಡಿದ ಅವಮಾನವಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇವರು ಏನೂ ಮಾಡಲಿಲ್ಲ, ದಿನವೂ ಮಾಡುವುದನ್ನು ಮಾಡಿದರು ಅಷ್ಟೆ. ಭಜಿ ಬಿಸಿಯಾಗಿವೆ ಎಂದು ಯಾರೋ ಕೂಗಿದರು, ಎಲ್ಲರೂ ಎದ್ದರು.

ಮನೆಗೆ ಬಂದು ನಾನು ಬಾಯಿಗೆ ಬಂದದ್ದು ಅಂದೆ. ಅತ್ತೆ ನಿಜಕ್ಕೂ ಬೆರಗಾದರು.

"ನಾ ಏನ್ ತಪ್ಪು ಮಾಡೇನಿ? ಅವರಿಗೆ ನಮಸ್ಕಾರ ಮಾಡ್ಲಿಲ್ಲೇನು? ಕೇಳಾಕ ಭಾಳ ಛಲೋ ಮಾತಾಡಿದ್ರು. ಹಂಗಂತ ಕುಂಕುಮ ಹಚ್ಚಾಕ ಆಗ್ತೈತೇನು?"

ಶ್ರೀಧರನ ಕಡೆ ತಿರುಗಿದೆ. ಅವನು ಫೋಟೊಗಳನ್ನು ಕೂಟದ ಗುಂಪಿಗೆ ಕಳಿಸುತ್ತ ಕೂತಿದ್ದ. "ನಿಮ್ಮ ಅವ್ವಾರು ಬೇಜಾರ ಮಾಡಿಕೊಂಡಿಲ್ಲ ಬಿಡು. ನಕ್ಕೋತ ಬಸ್ ಹತ್ತಿದ್ರು."

"ಮತ್ತ ಕುಬಸ? ಅವ್ವನ ಕೈಲೆ ಆಗ್ತೈತಿ ಅಂದಿದ್ಯಲ್ಲ?"

"ವಿದ್ಯಾ, ವಿಚಾರ ಬ್ಯಾರೆ, ಮನಿ ಬ್ಯಾರೆ. ಅದು ವೇದಿಕಿ. ಇದು ಕೂಸಿನ ಪ್ರಶ್ನೆ. ಹೆತ್ತ ಆಯಿ ಮನಸ್ಸು ನೋಯಿಸಿ ನಾ ಏನ್ ಸಾಧಿಸಲಿ?"

ವಿಚಾರ ಬೇರೆ, ಮನೆ ಬೇರೆ. ಆಚೆ ದನಿಯ ಬ್ಯಾನರಿನ ಮೇಲೆ ಇದನ್ನೇ ಬರೆಸಿದ್ದರೆ ಸಾಕಿತ್ತು, ಒಂದು ಪ್ರಾಮಾಣಿಕ ಕೂಟವಾದರೂ ಆಗುತ್ತಿತ್ತು. ಹೊರಗಿನ ದನಿಯನ್ನು ಕೇಳುವುದೆಂದರೆ ಇವರಿಗೆ ಪ್ರಾಣಿಸಂಗ್ರಹಾಲಯಕ್ಕೆ ಹೋದ ಹಾಗೆ. ಹುಲಿ ಎಷ್ಟು ಚೆಂದ ಎನ್ನುತ್ತಾರೆ, ಸರಳು ಮುಟ್ಟಿ ನೋಡಿಕೊಳ್ಳುತ್ತಾರೆ. ನನ್ನ ತಾಯಿ ತನ್ನ ಬದುಕನ್ನು ತಂದು ಇವರ ಮುಂದೆ ಇಟ್ಟಳು, ಇವರು ಭಜಿಯ ಜೊತೆ ನಂಜಿಕೊಂಡರು.

ವಿಷಯ ದೇಸಾಯಿಯವರ ಕಿವಿಗೂ ಹೋಯಿತು. ಮನೆಗೆ ಬಂದು, ಚಹಾ ಕುಡಿದು, ತೀರ್ಪು ಕೊಟ್ಟರು. "ಐದು ಮಂದಿ ಮುತ್ತೈದೆಯರು ಮೊದಲ ತುಂಬಲಿ. ಎಲ್ಲಾ ಮುಗದ ಮ್ಯಾಲೆ, ಕಡೀಕ, ನಿಮ್ಮ ತಾಯಿಯವರೂ ಎರಡು ಕಾಳು ಹಾಕಲಿ. ಕುಂಕುಮ ಮಾತ್ರ ಬ್ಯಾಡ. ಸುಧಾರಣೆ ಅಂದ್ರ ಮೆಲ್ಲಕ ಆಗಬೇಕ್ರೀ." ಅತ್ತೆ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದರು. ಶ್ರೀಧರ ಗಂಡಾಂತರ ತಪ್ಪಿದವನಂತೆ ಉಸಿರುಬಿಟ್ಟ. ಎರಡು ಕಾಳು! ಹಕ್ಕಿಗೂ ಇದಕ್ಕಿಂತ ಹೆಚ್ಚು ಹಾಕುತ್ತಾರೆ.

ಫೋನು ಮಾಡಿ ಅವ್ವನಿಗೆ ಎಲ್ಲ ಹೇಳಿದೆ. ಕುಬಸವೇ ಬೇಡ, ನಾನು ಮೆಹದಿಪಟ್ಟಣಕ್ಕೆ ಬಂದುಬಿಡುತ್ತೇನೆ, ಎಂದು ಅಳತೊಡಗಿದೆ. ಅವಳೂ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು.

"ಹುಚ್ಚಿ, ಅಳಬ್ಯಾಡ. ಎಷ್ಟೊತ್ತಿಗೆ ಬರ್ಲಿ ಅಷ್ಟು ಹೇಳು."

ಕುಬಸ ಅದೇ ಕ್ಲಬ್‌ಹೌಸಿನಲ್ಲಿ. ಹೊರಗೆ ಮಳೆ, ಒಳಗೆ ಅದೇ ಕಾರ್ಪೆಟ್ಟಿನ ವಾಸನೆ. ಆಚೆ ದನಿಯ ಬಹುಪಾಲು ಜನ ಕುಟುಂಬ ಸಮೇತ ಬಂದಿದ್ದರು. ಅವ್ವ ತಂದ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು, ಹೂವಿನ ದಂಡೆ ಮುಡಿದು ಮಣೆಯ ಮೇಲೆ ಕೂತೆ. ಅವ್ವ ಕೊನೆಯ ಸಾಲಿನಲ್ಲಿ, ಗೋಡೆಯ ಪಕ್ಕ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ಅವಳನ್ನು ಮುಂದೆ ಬನ್ನಿ ಎಂದವರಿಲ್ಲ. ಎರಡು ವಾರದ ಹಿಂದೆ ಎದ್ದು ನಿಂತು ಚಪ್ಪಾಳೆ ತಟ್ಟಿದ ಕೈಗಳು ಈಗ ನನ್ನ ಮೇಲೆ ಅಕ್ಷತೆ ಹಾಕಲು ಸಾಲುಗಟ್ಟಿದ್ದವು.

ಮೊದಲ ಮುತ್ತೈದೆ ದೇಸಾಯಿಯವರ ಹೆಂಡತಿ. ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡು ಬಗ್ಗಿ, "ಸೆರಗ ಹಿಡೀವಾ," ಎಂದರು.

ನಾನು ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿಯಾಗಿ ಸಿಕ್ಕಿಸಿದೆ.

"ಮೊದಲ ಅವ್ವ ತುಂಬಲಿ. ಆಮ್ಯಾಲೆ ಯಾರರೆ ತುಂಬರಿ."

ಅವರ ಬೊಗಸೆ ಅಲ್ಲೇ ನಿಂತಿತು. ಶ್ರೀಧರ ಹತ್ತಿರ ಬಂದು ಹಲ್ಲು ಕಚ್ಚಿ, "ಮಂದಿ ಮುಂದ ಯಾಕ ಹಿಂಗ ಮಾಡ್ತಿ?" ಎಂದ. ನಾನು ಗಟ್ಟಿಯಾಗಿಯೇ ಉತ್ತರ ಕೊಟ್ಟೆ. "ನೀವೂ ಮಂದಿ ಮುಂದನ ಚಪ್ಪಾಳಿ ಹೊಡದ್ರಿ. ನಾನೂ ಮಂದಿ ಮುಂದನ ಕೇಳಾಕತ್ತೀನಿ."

ಅವ್ವ ಎದ್ದಳು. ಕುರ್ಚಿಗಳ ನಡುವೆ ಅವಸರವಿಲ್ಲದೆ ನಡೆದು ಬಂದಳು. ಅವಳು ಮಣೆಯ ಹತ್ತಿರ ಮುಟ್ಟುವುದಕ್ಕೂ ಅತ್ತೆ ತಾಟು ಎತ್ತಿಕೊಳ್ಳುವುದಕ್ಕೂ ಸರಿಹೋಯಿತು. ಅಕ್ಕಿ, ಖಣ, ಕುಂಕುಮದ ಬಟ್ಟಲು, ಎಲ್ಲವನ್ನೂ ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

"ಬೀಗ್ತೇರ, ತಪ್ಪು ತಿಳ್ಕೋಬ್ಯಾಡ್ರಿ. ಕೂಸಿನ ಒಳ್ಳೇದಕ್ಕ ಹೇಳಾಕತ್ತೀನಿ."

"ತಿಳ್ಕೊಳ್ಳಂಗಿಲ್ಲ ಬಿಡ್ರಿ. ನಿಮ್ಮ ತಾಟು ನಿಮ್ಮ ಹತ್ರ ಇರಲಿ," ಎಂದು ಅವ್ವ ಚೀಲದ ಬಾಯಿ ಬಿಚ್ಚಿದಳು. ಹೊರಗೆ ಬಂದದ್ದು ಅವಳ ಹಳೆಯ ಸ್ಟೀಲಿನ ಡಬ್ಬಿ, ಉಗ್ರಾಣಕ್ಕೆ ದಿನವೂ ಊಟ ಒಯ್ಯುತ್ತಿದ್ದದ್ದು. ಮುಚ್ಚಳ ತೆಗೆದಳು. ಮೇಲೆ ಮಡಚಿಟ್ಟ ಖಣ, ಅದರ ಕೆಳಗೆ ಉತ್ತತ್ತಿ, ಅರಿಶಿನದ ಬೇರು, ಕೊಬ್ಬರಿ ಬಟ್ಟಲು, ಒಂದು ಪೊಟ್ಟಣ ಕುಂಕುಮ, ಡಬ್ಬಿಯ ತುಂಬ ಅಕ್ಕಿ.

"ಅವತ್ತ ಚಪ್ಪಾಳಿ ನಂಬಿ ಬರೀಗೈಲೆ ಬಂದಿದ್ದೆ," ಎಂದಳು, ಯಾರನ್ನೂ ನೋಡದೆ. "ಇವತ್ತ ಡಬ್ಬಿ ಕಟಗೊಂಡು ಬಂದೀನಿ. ಸೆರಗ ಬಿಚ್ಚು, ವಿದ್ಯಾ."

ಬಿಚ್ಚಿದೆ. ನನ್ನ ಹಣೆಗೆ ಕುಂಕುಮ ಹಚ್ಚಿದಳು. ಬೊಗಸೆ ಬೊಗಸೆ ಅಕ್ಕಿ ಸುರಿದಳು. ಡಬ್ಬಿ ಬರಿದಾಗುವವರೆಗೂ ಸುರಿದಳು. ಹೊಸ ಖಣದ ಗಂಜಿಯ ವಾಸನೆ ಮೂಗಿಗೆ ಬಂದು ನನಗೆ ಅಳು ತಡೆಯಲಾಗಲಿಲ್ಲ. ಹೊಟ್ಟೆಯಲ್ಲಿ ಮಗು ಒದ್ದಿತು. ಕಟ್ಟಡ ಬೀಳಲಿಲ್ಲ.

ಕೆಲವರು ಎದ್ದು ಹೊರಗೆ ಹೋದರು. ಉಳಿದವರು ಮೊಬೈಲು ನೋಡಿಕೊಂಡರು. ದೇಸಾಯಿಯವರಿಗೆ ಅದೇ ಹೊತ್ತಿಗೆ ಯಾರದೋ ಫೋನು ಬಂತು. ಶ್ರೀಧರ ಫೋಟೊಗೆಂದು ಎತ್ತಿದ್ದ ಕೈಯನ್ನು ಇಳಿಸಿದ. ಹೀಗಾಗಿ ಅವ್ವನ ಭಾಷಣದ ಫೋಟೊ ಬೇಕಾದಷ್ಟಿವೆ, ಅವ್ವ ನನ್ನ ಉಡಿ ತುಂಬಿದ ಫೋಟೊ ಒಂದೂ ಇಲ್ಲ. ಮುತ್ತೈದೆಯರಲ್ಲಿ ಒಬ್ಬರೂ ಆಮೇಲೆ ಮುಂದೆ ಬರಲಿಲ್ಲ. ಚಪ್ಪಾಳೆಯಂತೂ ಇಲ್ಲವೇ ಇಲ್ಲ. ಅತ್ತೆ ಆ ತಾಟನ್ನು ದೇವರ ಮುಂದಿಟ್ಟು ಮರುದಿನ ಹುಬ್ಬಳ್ಳಿಗೆ ಹೋದರು. ಮೊಮ್ಮಗಳು ಹುಟ್ಟಿದ ಮೇಲೆ ಬಂದರು, ಈಗಲೂ ಬರುತ್ತಾರೆ, ನನ್ನ ಜೊತೆ ಅಡುಗೆಗೆ ಎಷ್ಟು ಉಪ್ಪು ಎನ್ನುವುದಕ್ಕಿಂತ ಹೆಚ್ಚು ಮಾತಿಲ್ಲ. ಶ್ರೀಧರ ಕಾರ್ಯದರ್ಶಿ ಸ್ಥಾನ ಬಿಟ್ಟ. ಯಾಕೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಕ್ಷಮಿಸಿಬಿಡು ಎಂದು ಹೇಳುವವರು ಇದ್ದಾರೆ. ಅವರು ಅರ್ಧ ಎದ್ದು ಸೆರಗು ಹಿಡಿದು ನಿಂತಿದ್ದರೆ ಗೊತ್ತಾಗುತ್ತಿತ್ತು.

ಇದು ದೇಸಾಯಿಯವರು ಕೇಳಿದ ಸಿಹಿ ನೆನಪು. ಹೋದ ವಾರ ಕ್ಲಬ್‌ಹೌಸಿನಲ್ಲಿ ಅವರು ಇನ್ನೂ ಒಂದು ಮಾತು ಹೇಳಿದ್ದರು. ವಾರ್ಷಿಕೋತ್ಸವಕ್ಕೆ ಅವ್ವನನ್ನೇ ಮುಖ್ಯ ಅತಿಥಿಯಾಗಿ ಕರೆಯಬೇಕೆಂದು ಕೂಟದ ಒಕ್ಕೊರಲಿನ ತೀರ್ಮಾನವಂತೆ. ಶ್ರಾವಣದಲ್ಲೇ ಕಾರ್ಯಕ್ರಮ. ನಾನು ಮೆಹದಿಪಟ್ಟಣಕ್ಕೆ ಫೋನು ಮಾಡಿ, ಹೋಗಬೇಡ ಎಂದೇ ಹೇಳಿದೆ. ಅವ್ವ ಒಪ್ಪಲಿಲ್ಲ.

"ಬರ್ತಾಳ ಅಂತ ಹೇಳು. ಕರದಾರ, ಹೋಗೋಣು. ಆದ್ರ ಒಂದು ಮಾತು ಮೊದಲ ಕೇಳಿ ಇಡು. ತಾಟಿನ್ಯಾಗ ನನಗೂ ಅಕ್ಕಿ ಇರತಾವೋ, ಇಲ್ಲಾ ಡಬ್ಬಿ ತರ್ಲೋ?"

ದೇಸಾಯಿಯವರೇ, ಉತ್ತರವನ್ನು ಸಂಚಿಕೆಯಲ್ಲಿ ಅಚ್ಚು ಹಾಕಬೇಕಿಲ್ಲ. ಫೋನು ಮಾಡಿ ಹೇಳಿದರೂ ಸಾಕು. ಬಸ್ಸು ಹತ್ತುವ ಮೊದಲು ಅವಳಿಗೆ ಗೊತ್ತಾಗಬೇಕು.